ಇಂಗ್ಲಿಷ್ ತರಗತಿಯಲ್ಲಿ ಮಾನವ ಹಕ್ಕುಗಳು: ಯಾವ ಆನ್‌ಲೈನ್ ಸಾಮಗ್ರಿ ಯಾರಿಗೆ?

ಇಂಗ್ಲಿಷ್ ಕಲಿಸುತ್ತಲೇ ಮಾನವ ಹಕ್ಕುಗಳನ್ನೂ ಕಲಿಸಲು ಹೊರಟವರಿಗೆ ಸಾಮಗ್ರಿಗೇನೂ ಬರವಿಲ್ಲ. ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ತೊಡಕಿರುವುದು ಬೇರೆ ಕಡೆ. ಹಕ್ಕುಗಳನ್ನು ಬಲ್ಲವರು ತಯಾರಿಸಿದ ಪಾಠಗಳಲ್ಲಿ ವಿಷಯ ಗಟ್ಟಿಯಾಗಿರುತ್ತದೆ, ಆದರೆ ಓದುವವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದೇ ಅವರು ಹಿಡಿದಿರುತ್ತಾರೆ. ಭಾಷಾ ಶಿಕ್ಷಕರು ತಯಾರಿಸಿದ ಪಾಠಗಳಲ್ಲಿ ಮಟ್ಟ, ಅಭ್ಯಾಸ, ಉತ್ತರಪಟ್ಟಿ ಎಲ್ಲ ಅಚ್ಚುಕಟ್ಟು. ಆದರೆ ಅಲ್ಲಿ ಹಕ್ಕು ಎಂಬುದು ಹವಾಮಾನ, ಪ್ರವಾಸಗಳ ಸಾಲಿನಲ್ಲಿ ಮತ್ತೊಂದು ಪದಪಟ್ಟಿಯಾಗಿ ಕುಳಿತುಬಿಡುತ್ತದೆ. ಎರಡನ್ನೂ ಸಮನಾಗಿ ತೂಗಿಸುವ ತಾಣ ತೀರ ಕಡಿಮೆ. ಆದ್ದರಿಂದ ಒಂದೇ ತಾಣವನ್ನು ನಂಬಿ ಕೂರಬೇಡಿ. ಒಂದರಿಂದ ವಿಷಯ ತೆಗೆದುಕೊಳ್ಳಿ, ಅದರಲ್ಲಿಲ್ಲದ ಅರ್ಧವನ್ನು ಇನ್ನೊಂದರಿಂದ ತುಂಬಿ, ಅಥವಾ ನೀವೇ ತಯಾರಿಸಿ. ಯಾವುದರಲ್ಲಿ ಯಾವ ಅರ್ಧ ಇದೆ ಎನ್ನುವುದೇ ಈ ಹೋಲಿಕೆಯ ತಿರುಳು.

ಹುಡುಕುವ ಮೊದಲು

ಕಲಿಯುವವರ ಭಾಷಾ ಮಟ್ಟ ಮತ್ತು ವಯಸ್ಸನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಮಟ್ಟಕ್ಕೆ ತೀರ ಆರಂಭದ ಎ1ರಿಂದ ಪೂರ್ತಿ ಹಿಡಿತದ ಸಿ2ವರೆಗಿನ ಸಿಇಎಫ್‌ಆರ್ ಅಳತೆ ಸಾಕು. ಯುರೋಪಿನ ಸರ್ಕಾರಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಈ ಅಳತೆಯನ್ನೇ ಹೆಚ್ಚಿನ ತಾಣಗಳು ಬಳಸುತ್ತವೆ. ವಯಸ್ಸನ್ನು ಮರೆತರೆ ಆಗುವ ತಪ್ಪು ದೊಡ್ಡದು. ನಲವತ್ತು ವರ್ಷದ ವ್ಯಕ್ತಿಗೆ ಇಂಗ್ಲಿಷ್ ಎ1 ಮಟ್ಟದಲ್ಲಿದೆ ಎಂದು ಮಕ್ಕಳ ಕಾರ್ಟೂನ್ ಹಾಳೆ ಕೈಗಿಟ್ಟರೆ, ಘನತೆಯ ಪಾಠವೇ ಅವರ ಘನತೆಯನ್ನು ಕಡೆಗಣಿಸಿದಂತಾಗುತ್ತದೆ. ಅವರಿಗೆ ಬೇಕಾದ್ದು ಸರಳ ವಾಕ್ಯ, ಸರಳ ಯೋಚನೆಯಲ್ಲ.

ಉದ್ದೇಶವೂ ಸ್ಪಷ್ಟವಾಗಿರಲಿ. ಮಾನವ ಹಕ್ಕುಗಳ ಶಿಕ್ಷಣ ಮತ್ತು ತರಬೇತಿ ಕುರಿತು ವಿಶ್ವಸಂಸ್ಥೆಯ ಮಹಾಸಭೆ 2011ರ ಡಿಸೆಂಬರ್ 19ರಂದು ಅಂಗೀಕರಿಸಿದ ಘೋಷಣೆ ಮೂರು ಬಗೆಯ ಕಲಿಕೆಯನ್ನು ಹೇಳುತ್ತದೆ: ಹಕ್ಕುಗಳ ಬಗ್ಗೆ, ಹಕ್ಕುಗಳ ಮೂಲಕ, ಹಕ್ಕುಗಳಿಗಾಗಿ. ಮೊದಲನೆಯದು ತಿಳಿವಳಿಕೆ. ಎರಡನೆಯದು ಕಲಿಸುವ ರೀತಿ, ಅಂದರೆ ತರಗತಿಯಲ್ಲಿ ಎಲ್ಲರ ಮಾತಿಗೂ ಬೆಲೆ ಸಿಗುವುದು. ಮೂರನೆಯದು ತನ್ನ ಹಕ್ಕನ್ನೂ ಇತರರ ಹಕ್ಕನ್ನೂ ಎತ್ತಿಹಿಡಿಯುವ ಶಕ್ತಿ. ಮುಂದೆ ಬರುವ ಸಾಮಗ್ರಿಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದಕ್ಕೆ ಒಗ್ಗಿ, ಉಳಿದೆರಡಕ್ಕೆ ಒಗ್ಗದವು.

ಮೂಲ ಪಠ್ಯ: ಸಾರ್ವತ್ರಿಕ ಘೋಷಣೆ

1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಅಂಗೀಕಾರವಾದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ 30 ವಿಧಿಗಳ ಚಿಕ್ಕ ಪಠ್ಯ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯ ತಾಣದಲ್ಲಿ ಕನ್ನಡವೂ ಸೇರಿ 500ಕ್ಕೂ ಹೆಚ್ಚು ಭಾಷೆಗಳಲ್ಲಿ ಇದು ಸಿಗುತ್ತದೆ. ಭಾಷಾ ತರಗತಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ತರಗತಿಯಲ್ಲಿ ನಾಲ್ಕು ಮಾತೃಭಾಷೆಗಳಿದ್ದರೆ ನಾಲ್ಕರಲ್ಲೂ ಒಂದೇ ವಿಧಿಯನ್ನು ಮೊದಲು ಓದಿಸಬಹುದು. ಅರ್ಥ ತಲೆಯಲ್ಲಿ ಕೂತ ಮೇಲೆ ಇಂಗ್ಲಿಷ್ ಪಠ್ಯ ಕೈಗೆ ಬರಲಿ.

ಬಹಳ ಜನ 1ನೇ ವಿಧಿಯಿಂದ ಶುರುಮಾಡುತ್ತಾರೆ. ಭಾಷೆ ಕಲಿಯುವವರಿಗೆ ಅದು ಕೆಟ್ಟ ಆರಂಭ. ಇಂಗ್ಲಿಷ್‌ನಲ್ಲಿ ಆ ವಿಧಿಯಲ್ಲಿರುವುದು 30 ಪದಗಳು. ಅವುಗಳಲ್ಲಿ ಡಿಗ್ನಿಟಿ, ಎಂಡೌಡ್, ಕಾನ್ಶೆನ್ಸ್, ಬ್ರದರ್‌ಹುಡ್, ಜೊತೆಗೆ 'ವಿವೇಚನೆ' ಎಂಬ ಅರ್ಥದ ರೀಸನ್, ಈ ಐದು ಪದಗಳು ಬಿ1 ಮಟ್ಟದವರಿಗೂ ಹೊಸದಾಗಿರಬಹುದು. ಅಂದರೆ ಆರು ಪದಕ್ಕೊಂದು ಅಪರಿಚಿತ. ಯಾರ ನೆರವೂ ಇಲ್ಲದೆ ಪಠ್ಯವನ್ನು ಅರ್ಥಮಾಡಿಕೊಳ್ಳಲು ನೂರಕ್ಕೆ 95ರಿಂದ 98 ಪದಗಳು ಗೊತ್ತಿರಬೇಕು ಎಂದು ಓದಿನ ಸಂಶೋಧಕರು ಹೇಳುತ್ತಾರೆ. 1ನೇ ವಿಧಿ ಆ ಗೆರೆಗಿಂತ ಬಹಳ ಕೆಳಗಿದೆ.

ಬದಲಿಗೆ 15ನೇ ವಿಧಿಯ ಮೊದಲ ಸಾಲು (ರಾಷ್ಟ್ರೀಯತೆ), 26ನೇ ವಿಧಿಯ ಮೊದಲೆರಡು ವಾಕ್ಯ (ಶಿಕ್ಷಣ), 24ನೇ ವಿಧಿ (ವಿಶ್ರಾಂತಿ ಮತ್ತು ಬಿಡುವು), ಈ ಕ್ರಮದಲ್ಲಿ ಹೋಗಿ. ಮೂರರಲ್ಲೂ 'ಎವ್ರಿವನ್ ಹ್ಯಾಸ್ ದ ರೈಟ್ ಟು' ಎಂಬ ಒಂದೇ ಅಚ್ಚು ಬರುತ್ತದೆ. ಆ ಅಚ್ಚು ಗಟ್ಟಿಯಾದ ಮೇಲೆ 4 ಮತ್ತು 5ನೇ ವಿಧಿಗಳ 'ನೋ ವನ್ ಶಲ್ ಬಿ' ಅಚ್ಚಿಗೆ ದಾಟಿ. ಅಲ್ಲಿ ಎರಡು ತೊಡಕು ಒಟ್ಟಿಗೆ ಬರುತ್ತವೆ. ಕರ್ಮಣಿ ಪ್ರಯೋಗ ಒಂದು. ಭವಿಷ್ಯವನ್ನು ಹೇಳದೆ ಕಟ್ಟುಪಾಡನ್ನು ಹೇಳುವ 'ಶಲ್' ಇನ್ನೊಂದು. ಮೊದಲ ಅಚ್ಚಿನಲ್ಲೂ ಒಂದು ಖಾಯಂ ತಪ್ಪು ನುಸುಳುತ್ತದೆ. 'ರೈಟ್ ಟು' ಮುಂದೆ ನಾಮಪದವೂ ಬರಬಹುದು, ಕ್ರಿಯಾಪದವೂ ಬರಬಹುದು. ಇದು ತಿಳಿಯದವರು 'ರೈಟ್ ಟು ಎಜುಕೇಶನ್' ಬರೆಯಬೇಕಾದಲ್ಲಿ 'ರೈಟ್ ಟು ಎಜುಕೇಟ್' ಎಂದು ಬರೆಯುತ್ತಾರೆ. ಕಲಿಯುವ ಹಕ್ಕು ಕಲಿಸುವ ಹಕ್ಕಾಗಿಬಿಡುತ್ತದೆ. ಫಲಕದ ಮೇಲೆ ಎರಡು ಕಾಲಂ ಎಳೆದು, ಒಂದರಲ್ಲಿ ನಾಮಪದಗಳನ್ನೂ ಇನ್ನೊಂದರಲ್ಲಿ ಕ್ರಿಯಾಪದಗಳನ್ನೂ ಘೋಷಣೆಯಿಂದಲೇ ಹೆಕ್ಕಿಸಿ ಬರೆಸಿದರೆ ಇದು ಸರಿಹೋಗುತ್ತದೆ.

ಪಠ್ಯದ ವಯಸ್ಸನ್ನೂ ಮುಚ್ಚಿಡಬೇಡಿ. 1ನೇ ವಿಧಿಯ ಕರಡಿನಲ್ಲಿದ್ದ 'ಆಲ್ ಮೆನ್' ಎಂಬುದು 'ಆಲ್ ಹ್ಯೂಮನ್ ಬೀಯಿಂಗ್ಸ್' ಆಗಲು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅವರ ಒತ್ತಾಯ ಕಾರಣ. ಆದರೂ 'ಹಿಸ್', 'ಬ್ರದರ್‌ಹುಡ್' ಉಳಿದುಕೊಂಡವು. ಇವನ್ನು ಇಂದಿನ ಇಂಗ್ಲಿಷ್‌ಗೆ ತಿದ್ದಿ ಬರೆಯುವುದು ಬಿ1 ಮಟ್ಟಕ್ಕೆ ಹೇಳಿಮಾಡಿಸಿದ ಅಭ್ಯಾಸ, ಸರ್ವನಾಮಗಳ ಪಾಠವೂ ಆಗುತ್ತದೆ.

ಸರಳ ರೂಪಗಳು: ಎಷ್ಟು ನಂಬಬಹುದು?

ಮಾನವ ಹಕ್ಕುಗಳಿಗಾಗಿ ಅಭಿಯಾನ ನಡೆಸುವ ಆಮ್ನೆಸ್ಟಿ ಸೇರಿ ಹಲವು ಸಂಸ್ಥೆಗಳು ಘೋಷಣೆಯ ಸರಳ ರೂಪಗಳನ್ನು ಕೊಟ್ಟಿವೆ. ಎ2 ಮಟ್ಟಕ್ಕೆ ಇವು ಬೇಕೇಬೇಕು. ಆದರೆ ಸರಳಗೊಳಿಸುವಾಗ ಹಕ್ಕಿನ ಗಡಿ ಅಳಿಸಿಹೋಗುವ ಅಪಾಯವಿದೆ. 13ನೇ ವಿಧಿಯನ್ನೇ ನೋಡಿ. ಮೂಲ ಹೇಳುವುದು ಇಷ್ಟು: ದೇಶದ ಗಡಿಯೊಳಗೆ ಓಡಾಡುವ, ನೆಲೆಸುವ ಹಕ್ಕು, ತನ್ನದೂ ಸೇರಿ ಯಾವುದೇ ದೇಶವನ್ನು ಬಿಟ್ಟುಹೋಗುವ ಹಕ್ಕು, ತನ್ನ ದೇಶಕ್ಕೆ ಮರಳುವ ಹಕ್ಕು. ವರ್ಕ್‌ಶೀಟ್‌ಗಳಲ್ಲಿ ಇದು 'ನೀವು ಎಲ್ಲಿಗೆ ಬೇಕಾದರೂ ಹೋಗಬಹುದು' ಎಂದಾಗುತ್ತದೆ. ಬೇರೆ ದೇಶದೊಳಗೆ ಕಾಲಿಡುವ ಹಕ್ಕನ್ನು ಆ ವಿಧಿ ಕೊಡುವುದೇ ಇಲ್ಲ. ಅದೂ ಅಲ್ಲದೆ, 'ಬಹುದು' ಎಂದಾಗ ಹಕ್ಕು ಯಾರೋ ಕೊಟ್ಟ ಅನುಮತಿಯ ಹಾಗೆ ಕೇಳಿಸುತ್ತದೆ. 14ನೇ ವಿಧಿಯ 'ಹಿಂಸೆಯಿಂದ ಪಾರಾಗಲು ಬೇರೆ ದೇಶಗಳಲ್ಲಿ ಆಶ್ರಯ ಕೋರುವ ಮತ್ತು ಅನುಭವಿಸುವ ಹಕ್ಕು' ಕೂಡ ಹೀಗೆಯೇ ಸವೆದುಹೋಗುತ್ತದೆ.

ಎಐ ಚಾಟ್ ಉಪಕರಣಗಳಿಂದ ಸರಳಗೊಳಿಸಿದರೂ ಇದೇ ಸಮಸ್ಯೆ. ಫಲಿತಾಂಶ ಎಷ್ಟೇ ನಯವಾಗಿ ಓದಿಸಿಕೊಂಡರೂ ಮೂಲದ ಪಕ್ಕದಲ್ಲಿಟ್ಟು ನೋಡಿ. ಯಾರ ಹಕ್ಕು, ಯಾರ ಹೊಣೆ, ಯಾವ ಷರತ್ತು ಎಂಬ ಮೂರೂ ಉಳಿದಿರಬೇಕು.

ಸರಳ ರೂಪ ಮತ್ತು ಮೂಲ ಎರಡನ್ನೂ ಜೊತೆಗಿಟ್ಟು ಕಲಿಸುವುದೇ ಕ್ಷೇಮ. 13ನೇ ವಿಧಿಗೆ 50 ನಿಮಿಷದ ಪಾಠ ಹೀಗೆ ಸಾಗಬಹುದು. ಮೊದಲ 10 ನಿಮಿಷ ಮಾತೃಭಾಷೆಯಲ್ಲಿ ಓದು. ನಂತರದ 10 ನಿಮಿಷ ಸರಳ ಇಂಗ್ಲಿಷ್ ರೂಪ, ಹೊಸ ಪದ ಎಂಟಕ್ಕಿಂತ ಹೆಚ್ಚು ಬೇಡ. ಆಮೇಲೆ 10 ನಿಮಿಷ ಮೂಲವನ್ನು ಕೊಟ್ಟು, ಸರಳ ರೂಪದಲ್ಲಿ ಇಲ್ಲದ್ದಕ್ಕೆ ಅಡಿಗೆರೆ ಹಾಕಿಸಿ. ಮುಂದಿನ 15 ನಿಮಿಷಕ್ಕೆ ನಾಲ್ಕು ಚೀಟಿ: ಪಾಸ್‌ಪೋರ್ಟ್ ಕೊಡದೆ ದೇಶದೊಳಗೇ ತಡೆದಿಟ್ಟ ಪತ್ರಕರ್ತೆ, ತನ್ನ ದೇಶದ ಗಡಿಯಲ್ಲೇ ತಡೆಯಲ್ಪಟ್ಟ ಪ್ರಜೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿ ನೆಲೆಸಲು ಬಿಡದ ಅಧಿಕಾರಿ, ವೀಸಾ ಸಿಗದ ಪ್ರವಾಸಿ. ಯಾವುದರಲ್ಲಿ 13ನೇ ವಿಧಿಯ ಪ್ರಶ್ನೆ ಏಳುತ್ತದೆ, ಯಾವುದರಲ್ಲಿ ಇಲ್ಲ ಎಂದು ಜೋಡಿಗಳು ಹೇಳಬೇಕು. ಕೊನೆಯ ಚೀಟಿಯಲ್ಲಿ ಬಹುಪಾಲು ಜನ ಎಡವುತ್ತಾರೆ. ಚರ್ಚೆಗೆ ಕಾವು ಬರುವುದೂ ಅಲ್ಲೇ. ಉಳಿದ 5 ನಿಮಿಷ ಒಂದೊಂದು ವಾಕ್ಯ ಬರೆಯಲು.

ಪಠ್ಯದ ಮಟ್ಟ ಅಳೆಯಲು ಟೆಕ್ಸ್ಟ್ ಇನ್‌ಸ್ಪೆಕ್ಟರ್‌ನಂಥ ಉಪಕರಣಗಳಿವೆ. ಪಠ್ಯವನ್ನು ಹಾಕಿದರೆ ಪದಗಳನ್ನು ಸಿಇಎಫ್‌ಆರ್ ಮಟ್ಟಕ್ಕೆ ಹೊಂದಿಸಿ ತೋರಿಸುತ್ತವೆ. ಅವು ಪದ ಎಣಿಸುತ್ತವೆಯೇ ಹೊರತು ಯೋಚನೆಯ ಭಾರವನ್ನು ತೂಗಲಾರವು. ಫ್ರೀ, ಈಕ್ವಲ್, ಫೇರ್ ಇವೆಲ್ಲ ಅವುಗಳ ಲೆಕ್ಕದಲ್ಲಿ ಹಗುರ ಪದಗಳೇ.

ಕಂಪಾಸ್ ಮತ್ತು ಕಂಪಾಸಿಟೊ

ಚಟುವಟಿಕೆಗಳು ಬೇಕೆಂದರೆ ಮೊದಲು ನೋಡಬೇಕಾದ್ದು ಕೌನ್ಸಿಲ್ ಆಫ್ ಯುರೋಪ್‌ನ ಕಂಪಾಸ್. 2002ರಲ್ಲಿ ಮೊದಲು ಬಂದು 2012ರಲ್ಲಿ ಪರಿಷ್ಕರಣೆಗೊಂಡ ಈ ಕೈಪಿಡಿ ಯುವಜನರಿಗಾಗಿ ಇದೆ. ಇಡೀ ಪಠ್ಯ ಆನ್‌ಲೈನ್‌ನಲ್ಲಿ ಉಚಿತ. ಮಕ್ಕಳಿಗೆ ಅದರ ತಂಗಿಯಂತಿರುವ ಕಂಪಾಸಿಟೊ ಇದೆ. ಪ್ರತಿ ಚಟುವಟಿಕೆಗೂ ವಿಷಯ, ಗುಂಪಿನ ಗಾತ್ರ, ಸಮಯ, ಬೇಕಾದ ವಸ್ತುಗಳು, ಹಂತಗಳು, ಕೊನೆಯ ಚರ್ಚೆಯ ಪ್ರಶ್ನೆಗಳು, ನಡೆಸುವವರಿಗೆ ಸೂಚನೆಗಳು ಇರುತ್ತವೆ. ಹಕ್ಕುಗಳ ಮಟ್ಟಿಗೆ ಇಷ್ಟು ಗಟ್ಟಿಯಾದ ಉಚಿತ ಸಾಮಗ್ರಿ ಸಿಗುವುದು ಕಷ್ಟ. ಹಕ್ಕುಗಳ ಮೂಲಕ ಮತ್ತು ಹಕ್ಕುಗಳಿಗಾಗಿ ಎಂಬ ಎರಡು ಗುರಿಗಳಿಗೂ ಇದು ಒಗ್ಗುತ್ತದೆ.

ಭಾಷೆಯ ಕಡೆ ಮಾತ್ರ ಪೂರ್ತಿ ಖಾಲಿ. ಪ್ರತಿ ಚಟುವಟಿಕೆಗೂ 1ರಿಂದ 4ರ ಒಂದು ಸಂಖ್ಯೆ ಇರುತ್ತದೆ. ಅದನ್ನು ಭಾಷಾ ಮಟ್ಟ ಎಂದುಕೊಂಡು ಎಡವುವವರು ಬಹಳ. ಅದು ಚಟುವಟಿಕೆಯ ಸಂಕೀರ್ಣತೆಯ ಸಂಖ್ಯೆ, ಬರಿ ಅಷ್ಟೇ. ಒಂದನೇ ಮಟ್ಟದ ಚಟುವಟಿಕೆಯ ಸೂಚನೆಗಳೂ ಬಿ2 ಇಂಗ್ಲಿಷ್‌ನಲ್ಲೇ ಇರಬಹುದು.

ಬಹಳ ಹೆಸರಾದ 'ಟೇಕ್ ಎ ಸ್ಟೆಪ್ ಫಾರ್ವರ್ಡ್' ಅನ್ನು ಹತ್ತಿರದಿಂದ ನೋಡೋಣ. ಪ್ರತಿಯೊಬ್ಬರಿಗೂ ಒಂದು ಪಾತ್ರದ ಚೀಟಿ ಸಿಗುತ್ತದೆ, ಉದಾಹರಣೆಗೆ ಕೆಲಸವಿಲ್ಲದ ಒಂಟಿ ತಾಯಿ. ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಡೆಸುವವರು ಹೇಳಿಕೆಗಳನ್ನು ಒಂದೊಂದಾಗಿ ಓದುತ್ತಾರೆ. ತನ್ನ ಪಾತ್ರಕ್ಕೆ ಹೌದು ಎನಿಸಿದರೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ನಿಂತಲ್ಲೇ. ಕೊನೆಗೆ ಯಾರು ಎಲ್ಲಿದ್ದಾರೆ ಎಂದು ನೋಡಿ ಮಾತಾಡುತ್ತಾರೆ.

ಭಾಷೆ ಕಲಿಯುವವರ ಗುಂಪಿನಲ್ಲಿ ಇದು ಕೆಡುವುದು ಒಂದೇ ಕಾರಣಕ್ಕೆ. ಹೇಳಿಕೆ ಅರ್ಥವಾಗದವರು ಸುಮ್ಮನೆ ನಿಂತುಬಿಡುತ್ತಾರೆ. ಭಾಷೆಯ ಅಂತರ ಹಕ್ಕಿನ ಅಂತರದಂತೆ ಕಾಣಿಸುತ್ತದೆ, ಇಡೀ ಚಿತ್ರ ಸುಳ್ಳಾಗುತ್ತದೆ. ಹಾಗಾಗದಂತೆ ಹೇಳಿಕೆಗಳಲ್ಲಿ ಹತ್ತನ್ನು ಮಾತ್ರ ಆರಿಸಿ, 'ಐ ಕ್ಯಾನ್' ಅಚ್ಚಿಗೆ ತನ್ನಿ. ಹಿಂದಿನ ದಿನವೇ ಆ ಹತ್ತು ವಾಕ್ಯಗಳನ್ನು ಓದಿಸಿ. ನಡೆಸುವಾಗ ಪ್ರತಿ ವಾಕ್ಯವನ್ನು ದೊಡ್ಡ ಅಕ್ಷರದ ಹಾಳೆಯಲ್ಲಿ ತೋರಿಸುತ್ತ ಎರಡು ಸಲ ಓದಿ. ಪಾತ್ರದ ಚೀಟಿಯ ಹಿಂದೆ ಎಲ್ಲಿ ವಾಸ, ಏನು ಕೆಲಸ, ಯಾರ ಜೊತೆ ಎಂಬ ಮೂರು ಪ್ರಶ್ನೆಗಳಿರಲಿ. ಅವಕ್ಕೆ ಉತ್ತರ ಬರೆದುಕೊಂಡ ಮೇಲೇ ಸಾಲಿನಲ್ಲಿ ನಿಲ್ಲಿಸಿ. ಕೊನೆಯ ಚರ್ಚೆಗೆ 'ಐ ಸ್ಟೆಪ್ಡ್ ಫಾರ್ವರ್ಡ್ ಬಿಕಾಸ್', 'ಐ ಕುಡಂಟ್ ಬಿಕಾಸ್' ಎಂಬ ವಾಕ್ಯದ ಆರಂಭಗಳನ್ನು ಫಲಕದ ಮೇಲೆ ಬರೆದಿಡಿ. ಇವಿಲ್ಲದಿದ್ದರೆ ಇಂಗ್ಲಿಷ್ ಚೆನ್ನಾಗಿ ಬರುವ ಇಬ್ಬರೋ ಮೂವರೋ ಮಾತಾಡಿ ಚರ್ಚೆ ಮುಗಿಯುತ್ತದೆ. ಸಮಾನತೆಯ ಪಾಠದಲ್ಲೇ ಹಾಗಾಗಬಾರದು.

ಇನ್ನೊಂದು ಎಚ್ಚರಿಕೆ. ಚೀಟಿಯ ಪಾತ್ರ ತರಗತಿಯಲ್ಲಿರುವ ಒಬ್ಬರ ನಿಜ ಬದುಕೇ ಆಗಿಬಿಡಬಹುದು. ಹಂಚುವ ಮೊದಲು ಎಲ್ಲ ಚೀಟಿಗಳನ್ನೂ ಓದಿ, ಹಾಗೆ ಹೊಂದುವವನ್ನು ತೆಗೆದಿಡಿ.

ಸಮಯದ ಲೆಕ್ಕವೂ ಬೇರೆ. ಕೈಪಿಡಿಯಲ್ಲಿ 60 ನಿಮಿಷ ಎಂದಿರುವುದನ್ನು ಎ2, ಬಿ1 ಗುಂಪಿಗೆ ಎರಡು ಅವಧಿಗಳಾಗಿ ಒಡೆಯಿರಿ. ಒಂದು ಅವಧಿ ಭಾಷೆಯ ತಯಾರಿಗೆ, ಇನ್ನೊಂದು ಚಟುವಟಿಕೆ ಮತ್ತು ಚರ್ಚೆಗೆ. ಒಂದೇ ಅವಧಿಗೆ ತುರುಕಿದರೆ ಮೊದಲು ಬಲಿಯಾಗುವುದು ಚರ್ಚೆ. ಚರ್ಚೆಯಿಲ್ಲದ ಕಂಪಾಸ್ ಚಟುವಟಿಕೆ ಬರೀ ಆಟ.

ಆಮ್ನೆಸ್ಟಿ, ಯುಎನ್‌ಎಚ್‌ಸಿಆರ್, ಯುನಿಸೆಫ್

ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಹ್ಯೂಮನ್ ರೈಟ್ಸ್ ಅಕಾಡೆಮಿ ಉಚಿತ ಆನ್‌ಲೈನ್ ಕೋರ್ಸ್‌ಗಳ ತಾಣ. ಹಲವು ಭಾಷೆಗಳಲ್ಲಿವೆ. ಇಂಗ್ಲಿಷ್ ಪಾಠಗಳು ಬಿ2ಕ್ಕಿಂತ ಕೆಳಗಿನವರಿಗೆ ಭಾರ. ಕಲಿಯುವವರಿಗಿಂತ ಶಿಕ್ಷಕರಿಗೇ ಇದು ಹೆಚ್ಚು ಉಪಯೋಗಿ. ಪಾಠ ಮಾಡುವ ಮೊದಲು ವಿಷಯವನ್ನು ತಾವು ಗಟ್ಟಿಮಾಡಿಕೊಳ್ಳಬಹುದು. ಆಮ್ನೆಸ್ಟಿ ಪ್ರತಿ ವರ್ಷ ಡಿಸೆಂಬರ್ 10ರ ಆಸುಪಾಸಿನಲ್ಲಿ ನಡೆಸುವ 'ರೈಟ್ ಫಾರ್ ರೈಟ್ಸ್' ಪತ್ರ ಅಭಿಯಾನಕ್ಕೆ ಶಿಕ್ಷಕರ ಸಾಮಗ್ರಿಯೂ ಬರುತ್ತದೆ. ಭಾಷಾ ಶಿಕ್ಷಕರಿಗೆ ಇದು ಆಕರ್ಷಕ, ಏಕೆಂದರೆ ಅಧಿಕಾರಿಗೆ ಬರೆಯುವ ಔಪಚಾರಿಕ ಪತ್ರ ಮತ್ತು ನೊಂದವರಿಗೆ ಬರೆಯುವ ಬೆಂಬಲದ ಪತ್ರ ಎರಡನ್ನೂ ನಿಜವಾದ ಉದ್ದೇಶದಿಂದ ಕಲಿಸಬಹುದು. ಪತ್ರವನ್ನು ನಿಜವಾಗಿ ಕಳಿಸುವುದು ಮಾತ್ರ ಬೇರೆಯೇ ನಿರ್ಧಾರ. ಕಳಿಸಿದರೆ ಕಲಿಯುವವರ ಹೆಸರು, ವಿಳಾಸ ಹೊರಗೆ ಹೋಗಬಹುದು, ಕೆಲವರಿಗೆ ಅದರಿಂದ ತೊಂದರೆಯೂ ಆಗಬಹುದು. ತರಗತಿಯಲ್ಲಿ ಎಲ್ಲರೂ ಬರೆಯಲಿ, ಕಳಿಸುವುದನ್ನು ಒಬ್ಬೊಬ್ಬರ ಆಯ್ಕೆಗೆ ಬಿಡಿ. ಕಳಿಸದಿದ್ದವರ ಅಂಕ ಕಡಿಮೆಯಾಗಬಾರದು.

ನಿರಾಶ್ರಿತರ ವಿಷಯಕ್ಕೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನ 'ಟೀಚಿಂಗ್ ಅಬೌಟ್ ರೆಫ್ಯೂಜೀಸ್' ಸಂಗ್ರಹ ಉಳಿದೆಲ್ಲಕ್ಕಿಂತ ಮುಂದಿದೆ. ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಯವರೆಗೆ ವಯಸ್ಸಿಗೆ ತಕ್ಕಂತೆ ಪಾಠಗಳು ವಿಂಗಡಣೆಯಾಗಿವೆ. ನಿರಾಶ್ರಿತರು ಮತ್ತು ವಲಸಿಗರು ಎಂಬ ಪದಗಳನ್ನು ಬೆರೆಸಬಾರದು ಏಕೆ ಎಂಬ ವಿವರಣೆಯಿದೆ. ನೊಂದು ಬಂದ ಮಕ್ಕಳು ತರಗತಿಯಲ್ಲಿದ್ದರೆ ಶಿಕ್ಷಕರು ಹೇಗೆ ನಡೆದುಕೊಳ್ಳಬೇಕು ಎಂಬ ಮಾರ್ಗದರ್ಶಿಯೂ ಇದೆ. ಪಾಠದ ವಿಷಯ ಏನೇ ಇರಲಿ, ಆ ಮಾರ್ಗದರ್ಶಿಯನ್ನು ಓದಿಯೇ ಮುಂದುವರಿಯಿರಿ. ಭಾಷಾ ಮಟ್ಟ ಮಾತ್ರ ಇಲ್ಲೂ ನೀವೇ ಹೊಂದಿಸಬೇಕು.

ಮಕ್ಕಳಿಗೆ 1989ರ ನವೆಂಬರ್ 20ರಂದು ಅಂಗೀಕಾರವಾದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮಕ್ಕಳ ರೂಪ ಯುನಿಸೆಫ್ ತಾಣದಲ್ಲಿದೆ. 54 ವಿಧಿಗಳನ್ನು ಚಿಕ್ಕ ವಾಕ್ಯಗಳಲ್ಲಿ, ಚಿಹ್ನೆಗಳ ಜೊತೆ ಕೊಟ್ಟಿದ್ದಾರೆ. ಎ2 ಮಟ್ಟದ ಮಕ್ಕಳಿಗೆ ಸಾರ್ವತ್ರಿಕ ಘೋಷಣೆಗಿಂತ ಇದೇ ಮೇಲು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ 'ವರ್ಲ್ಡ್ಸ್ ಲಾರ್ಜೆಸ್ಟ್ ಲೆಸನ್' ಚಿತ್ರ, ವಿಡಿಯೊಗಳಲ್ಲಿ ಶ್ರೀಮಂತ, ಆದರೆ ಅಲ್ಲಿ ಗುರಿಗಳ ಮಾತು ಹೆಚ್ಚು, ಹಕ್ಕಿನ ಮಾತು ಕಡಿಮೆ.

ಇಂಗ್ಲಿಷ್ ಕಲಿಕೆಯ ತಾಣಗಳು

ಬ್ರಿಟಿಷ್ ಕೌನ್ಸಿಲ್‌ನ ಟೀಚಿಂಗ್ ಇಂಗ್ಲಿಷ್ ತಾಣದಲ್ಲಿ ಪಾಠ ಯೋಜನೆ, ವಿದ್ಯಾರ್ಥಿ ಹಾಳೆ, ಮಟ್ಟ, ವಯಸ್ಸು, ಸಮಯ ಎಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ನಾಳೆ ಬೆಳಿಗ್ಗೆಗೆ ಪಾಠ ಬೇಕೆನ್ನುವವರಿಗೆ ಮೊದಲ ಆಯ್ಕೆ. ವಿಷಯದ ಆಳ ಪಾಠದಿಂದ ಪಾಠಕ್ಕೆ ಬದಲಾಗುತ್ತದೆ. ಜಾಗತಿಕ ವಿಷಯಗಳನ್ನು ಭಾಷಾ ತರಗತಿಗೆ ತರುವ ಬಗ್ಗೆ ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಉಚಿತ ಪಿಡಿಎಫ್ ಪುಸ್ತಕವೂ ಇದೆ.

ಸುದ್ದಿಯ ಮೂಲಕ ಕಲಿಸಲು ಬ್ರೇಕಿಂಗ್ ನ್ಯೂಸ್ ಇಂಗ್ಲಿಷ್ ಒಳ್ಳೆಯದು. ಒಂದೇ ಸುದ್ದಿಯನ್ನು ಹಲವು ಮಟ್ಟಗಳಲ್ಲಿ ಕೊಡುತ್ತದೆ, ಆಡಿಯೊ ಇರುತ್ತದೆ, ಅಭ್ಯಾಸಗಳಿಗಂತೂ ಲೆಕ್ಕವಿಲ್ಲ. ಮಿಶ್ರ ಮಟ್ಟದ ತರಗತಿಗೆ ಇದು ವರ. ಸುದ್ದಿಯಲ್ಲಿ ಯಾವ ಹಕ್ಕು ಅಡಗಿದೆ ಎಂದು ಮಾತ್ರ ಅದು ಹೇಳುವುದಿಲ್ಲ. ಓದಿದ ಮೇಲೆ ಘೋಷಣೆಯ 30 ವಿಧಿಗಳ ಒಂದು ಪುಟದ ಪಟ್ಟಿ ಕೊಟ್ಟು, ಈ ಸುದ್ದಿಗೆ ಯಾವ ವಿಧಿ ತಗಲುತ್ತದೆ ಎಂದು ಕೇಳಿ. ಇಷ್ಟರಿಂದಲೇ ಸುದ್ದಿ ಪಾಠ ಹಕ್ಕಿನ ಪಾಠವಾಗುತ್ತದೆ.

ಐಎಸ್‌ಎಲ್ ಕಲೆಕ್ಟಿವ್‌ನಂತಹ ಹಂಚಿಕೆ ತಾಣಗಳಲ್ಲಿ ಶಿಕ್ಷಕರೇ ಹಾಕಿದ ವರ್ಕ್‌ಶೀಟ್‌ಗಳಿವೆ. ಚಿನ್ನವೂ ಉಂಟು, ಕಸವೂ ಉಂಟು. ಬೇರ್ಪಡಿಸಲು ನಾಲ್ಕು ಪ್ರಶ್ನೆ ಸಾಕು.

ಒಂದು, ಘೋಷಣೆಗೆ 'ಎಲ್ಲ ದೇಶಗಳೂ ಸಹಿ ಹಾಕಿದವು' ಎಂದಿದೆಯೇ? ತಪ್ಪು. ಅದು ಮತದಿಂದ ಅಂಗೀಕಾರವಾದದ್ದು: ಪರವಾಗಿ 48, ವಿರುದ್ಧ ಯಾರೂ ಇಲ್ಲ, 8 ದೇಶಗಳು ತಟಸ್ಥ. ಎರಡು, ಘೋಷಣೆಯನ್ನು ಕಾನೂನು ಅಥವಾ ಒಪ್ಪಂದ ಎಂದು ಕರೆದಿದೆಯೇ? ಅದೂ ತಪ್ಪು. ದೇಶಗಳನ್ನು ಕಟ್ಟಿಹಾಕುವ ಎರಡು ಒಡಂಬಡಿಕೆಗಳು, ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದು, ಅಂಗೀಕಾರವಾದದ್ದು 1966ರಲ್ಲಿ, ಜಾರಿಗೆ ಬಂದದ್ದು 1976ರಲ್ಲಿ. ಮೂರು, ಹಕ್ಕನ್ನು ಕಾಪಾಡುವ ಹೊಣೆ ಯಾರದೆಂದು ಎಲ್ಲಾದರೂ ಹೇಳಿದೆಯೇ? 'ಒಳ್ಳೆಯವರಾಗಿರಿ, ಹಂಚಿಕೊಂಡು ತಿನ್ನಿ' ಎಂಬಲ್ಲಿಗೆ ಮುಗಿಯುವ ಹಾಳೆ ನಡತೆಯ ಪಾಠವಾದೀತು, ಹಕ್ಕಿನ ಪಾಠವಾಗದು. ಸರ್ಕಾರದ ಹೊಣೆ ಕಾಣದಿದ್ದರೆ ಹಕ್ಕಿನ ಬೆನ್ನೆಲುಬೇ ಇಲ್ಲ. ನಾಲ್ಕು, ಚರ್ಚೆಯ ಪ್ರಶ್ನೆ ಹೇಗಿದೆ? 'ಹೆಂಗಸರು ಹೊರಗೆ ದುಡಿಯಬೇಕೇ?' ಎಂಬಂಥ ಪ್ರಶ್ನೆ ತರಗತಿಯ ಅರ್ಧ ಜನರ ಹಕ್ಕನ್ನು ಇನ್ನರ್ಧದ ಮುಂದೆ ವಾದಕ್ಕಿಡುತ್ತದೆ. ಎರಡು ಹಕ್ಕುಗಳು ಎದುರಾಗುವ ಪ್ರಶ್ನೆಯನ್ನು ಹುಡುಕಿ. ಒಬ್ಬರ ಅಭಿವ್ಯಕ್ತಿ ಸ್ವಾತಂತ್ರ್ಯ ಇನ್ನೊಬ್ಬರ ಖಾಸಗಿತನಕ್ಕೆ ತಾಗಿದಾಗ ಏನು ಮಾಡಬೇಕು? ಹಾಗೆ ಕೇಳಿದರೆ ಯಾರ ಮನುಷ್ಯತ್ವವೂ ಚರ್ಚೆಯ ವಸ್ತುವಾಗುವುದಿಲ್ಲ, ಭಾಷೆಗೂ ಕಸರತ್ತು ಸಿಗುತ್ತದೆ.

ಹೊಸ ದೇಶದಲ್ಲಿ ಇಂಗ್ಲಿಷ್ ಕಲಿಯುತ್ತಿರುವ ವಯಸ್ಕರಿಗೆ

ಇವರಿಗೆ ಕೌನ್ಸಿಲ್ ಆಫ್ ಯುರೋಪ್‌ನ ವಯಸ್ಕ ನಿರಾಶ್ರಿತರ ಭಾಷಾ ಬೆಂಬಲದ ಕಿಟ್ ನೋಡಿ. ತರಬೇತಿ ಪಡೆದ ಶಿಕ್ಷಕರಲ್ಲದೆ ಸ್ವಯಂಸೇವಕರೂ ಬಳಸುವಂತೆ ಅದರ ರಚನೆಯಿದೆ. ಅಂಗಡಿ, ಆಸ್ಪತ್ರೆ, ಕಚೇರಿಯ ಸನ್ನಿವೇಶಗಳಿಂದ ಶುರುವಾಗುತ್ತದೆ. ಹಕ್ಕು ಎಂಬ ಪದ ಅದರಲ್ಲಿ ಮುಂದೆ ಕಾಣದಿದ್ದರೂ ಹಕ್ಕಿಗೆ ಬೇಕಾದ ಭಾಷೆ ಅಲ್ಲೇ ಇದೆ. 'ನನಗೆ ದುಭಾಷಿ ಬೇಕು', 'ಇದನ್ನು ಬರಹದಲ್ಲಿ ಕೊಡಿ', 'ನನಗೆ ಅರ್ಥವಾಗುವ ತನಕ ಸಹಿ ಹಾಕುವುದಿಲ್ಲ' ಎಂಬ ಮೂರು ವಾಕ್ಯಗಳನ್ನು ಎ1 ಮಟ್ಟದಲ್ಲೇ ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿಸಬಹುದು. ಅವರ ಬದುಕಿಗೆ ಇವು ಯಾವ ವಿಧಿಯ ವ್ಯಾಖ್ಯಾನಕ್ಕಿಂತ ಮೊದಲು ಬೇಕು.

ಇಂಥ ತರಗತಿಯಲ್ಲಿ 'ನಿಮ್ಮ ಹಕ್ಕು ಯಾವಾಗ ಉಲ್ಲಂಘನೆಯಾಯಿತು, ಹೇಳಿ' ಎಂದು ಯಾವ ವರ್ಕ್‌ಶೀಟ್ ಹೇಳಿದರೂ ಆ ಪ್ರಶ್ನೆಯನ್ನು ಹೊಡೆದುಹಾಕಿ. ಕಲ್ಪಿತ ಪಾತ್ರದ ಕಥೆ ಕೊಟ್ಟು ಅದರ ಬಗ್ಗೆ ಕೇಳಿ. ತಮ್ಮದನ್ನು ಹೇಳಬೇಕೆನಿಸಿದವರು ತಾವಾಗಿಯೇ ಹೇಳುತ್ತಾರೆ.

ತಯಾರಿಸಿದವರು ಯಾರು, ಬದಲಾಯಿಸಬಹುದೇ?

ಎಲ್ಲ ಉಚಿತ ಸಾಮಗ್ರಿಯ ಹಿಂದೆಯೂ ಒಂದು ಸಂಸ್ಥೆ, ಅದಕ್ಕೊಂದು ನಿಲುವು ಇರುತ್ತದೆ. ಆಮ್ನೆಸ್ಟಿ ಅಭಿಯಾನ ನಡೆಸುವ ಸಂಸ್ಥೆ. ಕೌನ್ಸಿಲ್ ಆಫ್ ಯುರೋಪ್ ಸರ್ಕಾರಗಳ ಒಕ್ಕೂಟ, ಐರೋಪ್ಯ ಒಕ್ಕೂಟದಿಂದ ಬೇರೆ. ವಿಧಿಗೊಂದರಂತೆ ಚಿಕ್ಕ ವಿಡಿಯೊಗಳಿರುವುದರಿಂದ ಹುಡುಕಾಟದಲ್ಲಿ ಬೇಗ ಸಿಗುವ ಯೂತ್ ಫಾರ್ ಹ್ಯೂಮನ್ ರೈಟ್ಸ್ ಇಂಟರ್‌ನ್ಯಾಷನಲ್‌ಗೆ ಚರ್ಚ್ ಆಫ್ ಸೈಂಟಾಲಜಿ ಎಂಬ ಧಾರ್ಮಿಕ ಸಂಘಟನೆಯ ಬೆಂಬಲವಿದೆ. ಇದನ್ನು ತಿಳಿದು ನಿರ್ಧರಿಸಿ. ಪೋಷಕರು ಅಥವಾ ಆಡಳಿತ ಕೇಳಿದಾಗ ಉತ್ತರ ನಿಮ್ಮಲ್ಲಿರಬೇಕು.

ಪರವಾನಗಿಯನ್ನೂ ನೋಡಿ. ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಗುರುತಿನಲ್ಲಿ 'ಎನ್‌ಡಿ' ಇದ್ದರೆ ಬದಲಾಯಿಸಿದ ರೂಪವನ್ನು ಹಂಚುವಂತಿಲ್ಲ. ಸರಳಗೊಳಿಸುವುದೂ ಬದಲಾವಣೆಯೇ. ಮೂಲವನ್ನು ಹಾಗೇ ಇಟ್ಟು, ಪದಪಟ್ಟಿ ಮತ್ತು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಕೊಡುವುದು ಅದಕ್ಕೆ ದಾರಿ. 'ಎನ್‌ಸಿ' ಇದ್ದರೆ ಶುಲ್ಕ ಪಡೆಯುವ ಕೋರ್ಸ್‌ನಲ್ಲಿ ಬಳಸುವ ಮುನ್ನ ಅನುಮತಿ ಕೇಳುವುದು ಸುರಕ್ಷಿತ.

ಕಲಿಯುವವರ ಬರಹವನ್ನು ಹಂಚಿಕೆ ಫಲಕಗಳಲ್ಲಿ ಹಾಕಿಸುವುದಾದರೆ ನಿಜ ಹೆಸರು, ಫೋಟೊ ಬೇಡ. ಲಿಂಕ್ ಇದ್ದವರೆಲ್ಲ ಓದುವಂತಿದ್ದರೆ ಅದು ಬಹಿರಂಗವೇ. ಖಾಸಗಿತನವೂ ಘೋಷಣೆಯ 12ನೇ ವಿಧಿ.

ಆರಿಸುವುದು ಹೀಗೆ

ಮಕ್ಕಳು, ಎ1–ಎ2: ಯುನಿಸೆಫ್‌ನ ಮಕ್ಕಳ ರೂಪದಿಂದ ವಾರಕ್ಕೆ ಒಂದೇ ವಿಧಿ, ಜೊತೆಗೆ ಕಂಪಾಸಿಟೊದ ಒಂದು ಚಿಕ್ಕ ಚಟುವಟಿಕೆ. ಹದಿಹರೆಯದವರು, ಬಿ1: ಘೋಷಣೆಯ ಮೂಲ ಮತ್ತು ಸರಳ ರೂಪ ಜೋಡಿಯಾಗಿ, ತಿಂಗಳಿಗೊಂದು ಕಂಪಾಸ್ ಚಟುವಟಿಕೆ, ನಡುವೆ ಮಟ್ಟಕ್ಕೆ ತಕ್ಕ ಸುದ್ದಿ. ಬಿ2 ಮತ್ತು ಮೇಲೆ: ಯುಎನ್‌ಎಚ್‌ಸಿಆರ್ ಸಾಮಗ್ರಿ, ಪತ್ರ ಬರವಣಿಗೆ, ಟೆಡ್-ಎಡ್‌ನಂತಹ ಚಿಕ್ಕ ವಿಡಿಯೊಗಳು. ವಿಡಿಯೊ ಮೊದಲ ಸಲ ಇಂಗ್ಲಿಷ್ ಅಡಿಬರಹದ ಜೊತೆ 0.75 ವೇಗದಲ್ಲಿ, ಎರಡನೆಯ ಸಲ ಸಹಜ ವೇಗದಲ್ಲಿ ನಡೆಯಲಿ. ನೆಟ್ ನಂಬುವಂತಿಲ್ಲದ ಕಡೆ ಪಿಡಿಎಫ್ ಇರುವ ತಾಣಗಳೇ ಮೊದಲು. ಬಣ್ಣದ ಹಾಳೆಗಳನ್ನು ಕಪ್ಪುಬಿಳುಪಿನಲ್ಲಿ ಒಂದು ಪ್ರತಿ ಮುದ್ರಿಸಿ ನೋಡಿ. ಬಣ್ಣದಿಂದಲೇ ಗುರುತಿಸಬೇಕಾದ ಅಭ್ಯಾಸಗಳು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಂಕ ಕೊಡುವಾಗ ಅಭಿಪ್ರಾಯಕ್ಕೆ ಅಂಕ ಕೊಡಬೇಡಿ, ಕಳೆಯಲೂ ಬೇಡಿ. ಹತ್ತರಲ್ಲಿ ನಾಲ್ಕು ಭಾಷೆಯ ಅಚ್ಚು ಸರಿಯಾಗಿ ಬಳಸಿದ್ದಕ್ಕೆ, ಮೂರು ಸರಿಯಾದ ವಿಧಿಯನ್ನು ಗುರುತಿಸಿದ್ದಕ್ಕೆ, ಮೂರು ಕಾರಣ ಕೊಟ್ಟಿದ್ದಕ್ಕೆ ಇಟ್ಟುಕೊಂಡರೆ ಸಾಕಾಗುತ್ತದೆ. ಈ ಹಂಚಿಕೆಯನ್ನು ಬರೆಯಿಸುವ ಮೊದಲೇ ಫಲಕದ ಮೇಲೆ ಹಾಕಿ. ಶಿಕ್ಷಕರಿಗೆ ಹಿಡಿಸುವ ಅಭಿಪ್ರಾಯ ಯಾವುದಿರಬಹುದು ಎಂದು ಊಹಿಸುವ ಹಂಗು ಆಗ ಕಲಿಯುವವರಿಗೆ ಇರುವುದಿಲ್ಲ.